ಮುನ್ನೂರ ಐದು ಕಿಲೋಮೀಟರಿನ ಆಚೆಗೆ

ಎಂಜಿನ್‌ಗಳ ಬಾಳಿಕೆಯನ್ನು ಪರೀಕ್ಷಿಸುವ ನಮ್ಮ ಕೊಠಡಿಗೆ ಕೆಲಸಕ್ಕೆ ಸೇರುವ ಹೊಸಬರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆಯೊಂದಿದೆ: ಫಾರ್ಮುಲಾ ಒನ್ ಕಾರನ್ನು ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ರೇಸಿಗೆ ಇಳಿಸಿದರೆ ಅದು ಎಷ್ಟು ಹೊತ್ತು ಓಡೀತು? ಎರಡು ಗಂಟೆಗೆಂದು ಕಟ್ಟಿದ ಯಂತ್ರ ಮೂರನೆಯ ಗಂಟೆಯಲ್ಲಿ ಸಿಡಿದುಹೋಗುತ್ತದೆ ಎಂಬುದು ಅವರ ಊಹೆ. ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ ತನ್ನಿ ಎನ್ನುತ್ತೇನೆ.

ಫಾರ್ಮುಲಾ ಒನ್ ರೇಸಿನ ದೂರ 305 ಕಿ.ಮೀ. ದಾಟುವಷ್ಟು ಸುತ್ತುಗಳು, ಮೊನಾಕೊದಲ್ಲಿ ಮಾತ್ರ 260 ಕಿ.ಮೀ. ಅಭ್ಯಾಸ ಮತ್ತು ಅರ್ಹತಾ ಸುತ್ತುಗಳೂ ಸೇರಿದರೆ ಒಂದು ವಾರಾಂತ್ಯಕ್ಕೆ ಸುಮಾರು 600ರಿಂದ 700 ಕಿ.ಮೀ. ಆಗುತ್ತದೆ. 2024ರ 24 ರೇಸುಗಳಿಗೆ ಚಾಲಕನೊಬ್ಬ ದಂಡ ತೆರದೆ ಬಳಸಬಹುದಾಗಿದ್ದ ಎಂಜಿನ್‌ಗಳು ನಾಲ್ಕೇ ಆಗಿದ್ದುದರಿಂದ, ತಲಾ ಆರು ವಾರಾಂತ್ಯ, ಅಂದರೆ ಸುಮಾರು 4,000 ಕಿ.ಮೀ. ಓಟ ಒಂದೊಂದರ ಪಾಲಿಗೆ ಬರುತ್ತಿತ್ತು. ಲೆ ಮಾನ್‌ನ ಒಂದು ಸುತ್ತು 13.626 ಕಿ.ಮೀ. ಅಲ್ಲಿ 2023ರಲ್ಲಿ ಗೆದ್ದ ಫೆರಾರಿ 342 ಸುತ್ತು ಹಾಕಿತು, ಅಂದರೆ ಸುಮಾರು 4,660 ಕಿ.ಮೀ. 2010ರಲ್ಲಿ ಆಡಿ ಆರ್15 ಸ್ಥಾಪಿಸಿದ ದಾಖಲೆ 397 ಸುತ್ತು, 5,410 ಕಿ.ಮೀ. ಹೊಸಬರು ಊಹಿಸಿದ ಅಂತರ ಇಲ್ಲಿ ಕಾಣುವುದಿಲ್ಲ.

ಎಂಜಿನ್ನಿನ ಆಯುಷ್ಯವನ್ನು ನಿರ್ಧರಿಸುವುದು ಬಹುಮಟ್ಟಿಗೆ ನಿಯಮಪುಸ್ತಕ. 1980ರ ದಶಕದ ಟರ್ಬೊ ಕಾಲದಲ್ಲಿ ಅರ್ಹತಾ ಸುತ್ತುಗಳಿಗೆಂದೇ ಬೇರೆ ಎಂಜಿನ್ ಇರುತ್ತಿತ್ತು. ಕೆಲವೇ ಸುತ್ತು ಓಡಿ ಅದು ಮುಗಿದುಹೋದರೂ ಯಾರಿಗೂ ಬೇಸರವಿರಲಿಲ್ಲ. 2004ರಲ್ಲಿ ವಾರಾಂತ್ಯಕ್ಕೆ ಒಂದೇ ಎಂಜಿನ್ ಎಂಬ ನಿಯಮ ಬಂತು, 2005ರಲ್ಲಿ ಅದು ಎರಡು ವಾರಾಂತ್ಯಕ್ಕೆ ಹಿಗ್ಗಿತು, ಮತ್ತು ಪ್ರತಿ ಸಲವೂ ಅದೇ ತಂತ್ರಜ್ಞರು ಬೇಕಾದಷ್ಟು ಆಯುಷ್ಯವನ್ನು ಹೇಗೋ ಹೊಂದಿಸಿಕೊಟ್ಟರು. ಲೋಹದ ದಣಿವಿಗೆ ಸರಳ ರೇಖೆಯ ಲೆಕ್ಕವಿಲ್ಲ. ಬಿಡಿಭಾಗದ ಮೇಲಿನ ಒತ್ತಡವನ್ನು ಶೇ. 10ರಷ್ಟು ಇಳಿಸಿದರೆ ಅದರ ಆಯುಷ್ಯ ಎರಡು ಪಟ್ಟು ಮೀರಿ ಬೆಳೆಯಬಹುದು. ಆದ್ದರಿಂದ 2014ರಿಂದ 2025ರವರೆಗಿನ 1.6 ಲೀಟರ್ ವಿ6 ಹೈಬ್ರಿಡ್ ಎಂಜಿನ್ನಿನ ವೇಗವನ್ನೂ ಸಿಲಿಂಡರಿನ ಒತ್ತಡವನ್ನೂ ತುಸು ತಗ್ಗಿಸಿದರೆ ಪಿಸ್ಟನ್, ಬೇರಿಂಗುಗಳು 24 ಗಂಟೆ ತಡೆದುಕೊಳ್ಳುತ್ತವೆ ಎಂದೇ ನನ್ನ ಅಂದಾಜು. ಇನ್ನೊಂದು ಅನುಕೂಲವೂ ಇದೆ. ಎಂಜಿನ್ನನ್ನು ಹೆಚ್ಚು ಹಣ್ಣು ಮಾಡುವುದು ಕಾಯುವುದು, ಆರುವುದು, ಮತ್ತೆ ಕಾಯುವುದು. ಒಂದೇ ಹದದ ಬಿಸಿಯಲ್ಲಿ ಹಗಲು ರಾತ್ರಿ ಓಡುವುದು, ಆರು ವಾರಾಂತ್ಯಗಳಲ್ಲಿ ಹತ್ತಾರು ಸಲ ತಣ್ಣಗಾಗಿ ಮತ್ತೆ ಬಿಸಿಯೇರುವುದಕ್ಕಿಂತ ಅದಕ್ಕೆ ಹಿತ.

ಎಂಜಿನ್ನಿನ ಸುತ್ತಲಿನ ವ್ಯವಸ್ಥೆಗಳ ಕಥೆ ಬೇರೆ. 2018ರಲ್ಲಿ ನಿಯಮ 100 ಕಿ.ಮೀ.ಗೆ 0.6 ಲೀಟರ್‌ವರೆಗೆ ಎಂಜಿನ್ ಎಣ್ಣೆ ಸುಡಲು ಬಿಡುತ್ತಿತ್ತು, 2020ರಲ್ಲಿ ಆ ಮಿತಿ 0.3 ಲೀಟರಿಗೆ ಇಳಿಯಿತು. ಈ ಇಳಿದ ಮಿತಿಯಲ್ಲೇ ಸುಟ್ಟರೂ 5,000 ಕಿ.ಮೀ.ಗೆ 15 ಲೀಟರ್ ಬೇಕು, ರೇಸಿನ ನಡುವೆ ಎಣ್ಣೆ ತುಂಬುವ ಏರ್ಪಾಡು ಕಾರಿನಲ್ಲಿಲ್ಲ. ವಾಲ್ವುಗಳನ್ನು ಮುಚ್ಚುವ ಕೆಲಸ ಲೋಹದ ಸ್ಪ್ರಿಂಗಿನ ಬದಲು ಒತ್ತಡದ ಅನಿಲದ್ದು. ಅದು ಸ್ವಲ್ಪಸ್ವಲ್ಪವಾಗಿ ಸೋರುತ್ತಲೇ ಇರುತ್ತದೆ, ಅದರ ಸಿಲಿಂಡರ್ ಎರಡು ಗಂಟೆಗೆ ಸಾಲುವಷ್ಟು ದೊಡ್ಡದು. 2019ರಿಂದ 2025ರವರೆಗೆ ಒಂದು ರೇಸಿಗೆ ಹೆಚ್ಚೆಂದರೆ 110 ಕೆ.ಜಿ. ಇಂಧನ. ಆ ಲೆಕ್ಕದಲ್ಲಿ 5,000 ಕಿ.ಮೀ.ಗೆ ಹದಿನಾರು, ಹದಿನೇಳು ಟ್ಯಾಂಕ್ ಬೇಕಾಗುತ್ತದೆ. ಆದರೆ ರೇಸಿನ ನಡುವೆ ಇಂಧನ ತುಂಬುವುದನ್ನು 2010ರಲ್ಲೇ ನಿಷೇಧಿಸಿದ್ದರಿಂದ ಆ ಜೋಡಣೆಯೂ ಕಾರಿನಿಂದ ಹೋಗಿದೆ. ಹೆಡ್‌ಲೈಟು, ಪ್ರತಿ ಚಾಲಕನ ಮೈಗೆ ಎರಕ ಹೊಯ್ದ ಸೀಟು ಇವೆಲ್ಲ ಚಿಕ್ಕ ತೊಡಕುಗಳು, ಹೇಗೋ ಬಗೆಹರಿಯುತ್ತವೆ.

ಮೊದಲು ಸೋಲುವುದು ಕಾರಿನ ತಳದ ಹಲಗೆ ಎಂದರೆ ಹೊಸಬರು ನಗುತ್ತಾರೆ. ಕಾರು ನೆಲಕ್ಕೆ ತೀರ ಹತ್ತಿರ ಇಳಿಯದಂತೆ ಕಾಯುವ ಈ ಹಲಗೆ ಹೊಸದಾಗಿದ್ದಾಗ 10 ಮಿ.ಮೀ. ದಪ್ಪವಿರುತ್ತದೆ, ರೇಸ್ ಮುಗಿದಾಗ ಅಳತೆಯ ಜಾಗಗಳಲ್ಲಿ 9 ಮಿ.ಮೀ. ಉಳಿದಿರಲೇಬೇಕು. 2023ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಚಾಲಕರಾದ ಹ್ಯಾಮಿಲ್ಟನ್ ಮತ್ತು ಲೆಕ್ಲೇರ್ ಇಬ್ಬರೂ ಅನರ್ಹರಾದದ್ದು ಈ ಸವಕಳಿಗೇ. 305 ಕಿ.ಮೀ.ಯಲ್ಲಿ ಒಂದು ಮಿಲಿಮೀಟರ್ ತಿನ್ನುವ ಎತ್ತರದಲ್ಲೇ 24 ಗಂಟೆ ಓಡಿಸಿದರೆ ಹಲಗೆಯೇ ಉಳಿಯುವುದಿಲ್ಲ. ಕಾರನ್ನು ಎತ್ತರಿಸಿದರೆ ಹಲಗೆ ಉಳಿಯುತ್ತದೆ. ಆದರೆ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಗಾಳಿಯ ಬಲದ ಬಹುಪಾಲು ಆ ತಗ್ಗಿನಿಂದಲೇ ಬರುವುದರಿಂದ, ಅದು ಕುಗ್ಗಿದಷ್ಟೂ ಟೈರು ಜಾರುತ್ತದೆ, ಸವೆಯುತ್ತದೆ. ಬ್ರೇಕಿನದೂ ಇದೇ ಕೊಡುಕೊಳ್ಳುವಿಕೆ. ಕಾರ್ಬನ್ ಡಿಸ್ಕುಗಳು ಅತಿ ಬಿಸಿಯಾದಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಉರಿದುಹೋಗುತ್ತವೆ. ತಂಪಿಗೆಂದು ಗಾಳಿಯ ನಾಳ ಹಿಗ್ಗಿಸಿದರೆ ಕಾರಿನ ವೇಗಕ್ಕೆ ಅಡ್ಡಿ. ಹೀಗೆ ಒಂದೊಂದನ್ನೂ ಸಡಿಲಿಸುತ್ತ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಒಂದು ಸೀಟಿನ ಲೆ ಮಾನ್ ಕಾರೇ ಹೊರತು ಫಾರ್ಮುಲಾ ಒನ್ ಕಾರಲ್ಲ.

ಇಷ್ಟಾಗಿಯೂ ದೀರ್ಘ ಓಟವನ್ನು ನಿಲ್ಲಿಸುವುದು ಸಾಮಾನ್ಯವಾಗಿ ಅಗ್ಗದ ವಸ್ತು. ನಮ್ಮಲ್ಲೇ ಒಮ್ಮೆ ನೂರಾರು ಗಂಟೆ ಓಡಿದ ಎಂಜಿನ್ ನಿಂತುಹೋಗಿತ್ತು. ಬಿಚ್ಚಿ ನೋಡಿದರೆ ಒಳಗೆಲ್ಲ ಹೊಸದರಂತಿತ್ತು. ಸೆನ್ಸರಿನ ತಂತಿಯೊಂದು ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಸವೆದಿತ್ತು. 2016ರ ಲೆ ಮಾನ್‌ನಲ್ಲಿ ಮುಂದಿದ್ದ ಟೊಯೊಟಾ ಇನ್ನು ಕೆಲವೇ ನಿಮಿಷ ಬಾಕಿ ಇರುವಾಗ ನಿಂತದ್ದು ಟರ್ಬೊ ಮತ್ತು ಇಂಟರ್‌ಕೂಲರ್ ನಡುವಿನ ಒಂದು ಕೊಳವೆಯ ಜೋಡಣೆ ಕೈಕೊಟ್ಟು. ಮರುವರ್ಷ ಗೆದ್ದ ಪೋರ್ಷೆ 919, ಓಟದ ಮೊದಲ ಕೆಲವು ಗಂಟೆಗಳಲ್ಲೇ ಮುಂದಿನ ಆಕ್ಸಲ್ಲಿನ ವಿದ್ಯುತ್ ಮೋಟಾರು ಕೆಟ್ಟು ಒಂದು ಗಂಟೆಗೂ ಹೆಚ್ಚು ಹೊತ್ತು ಪಿಟ್‌ನಲ್ಲಿತ್ತು. ಅದನ್ನು ಬದಲಿಸಿಕೊಂಡು ಹೋಗಿ ಗೆದ್ದಿತೆಂದರೆ, ಆ ಭಾಗಕ್ಕೆ ಕೈ ಹೋಗುವಂತೆ ಕಾರನ್ನು ಮೊದಲೇ ಕಟ್ಟಿದ್ದರು. ಫಾರ್ಮುಲಾ ಒನ್ ಕಾರಿನ ಹಿಂಭಾಗದಲ್ಲಿ ಬೆರಳು ತೂರಿಸಲೂ ಜಾಗವಿರುವುದಿಲ್ಲ. ಅದೇ ಬಿರುಸಿನಲ್ಲಿ ಓಡಿಸಿದರೆ ಈ ಕಾರು ಐದಾರು ಗಂಟೆಯೊಳಗೆ ದೊಡ್ಡ ರಿಪೇರಿಗೆ ಬರುತ್ತದೆ ಎಂಬುದು ನನ್ನ ಲೆಕ್ಕ, ಮತ್ತು ಹಾಗೆ ಬಂದದ್ದು ಹೊರಡಲು ಅರ್ಧ ರಾತ್ರಿ ಬೇಕಾದೀತು.

ಎಂಜಿನ್ ಮಾತ್ರ ವಲಸೆ ಹೋದ ಉದಾಹರಣೆಗಳಿವೆ. ಫಾರ್ಮುಲಾ ಒನ್‌ಗೆಂದು 1967ರಲ್ಲಿ ಬಂದ ಕಾಸ್ವರ್ತ್ ಡಿಎಫ್‌ವಿ ಎಂಜಿನ್, ಕಂಪನಕ್ಕೆ ಕುಖ್ಯಾತವಾಗಿದ್ದರೂ ಶಕ್ತಿ ತಗ್ಗಿಸಿಕೊಂಡು 1975ರಲ್ಲಿ ಮಿರಾಜ್ ಕಾರಿನಲ್ಲೂ 1980ರಲ್ಲಿ ರೊಂಡೊ ಕಾರಿನಲ್ಲೂ ಲೆ ಮಾನ್ ಗೆದ್ದಿತು. 1990ರ ದಶಕದ ಆರಂಭದಲ್ಲಿ ನಿಯಮಗಳು ಎರಡೂ ಲೋಕಗಳಿಗೆ ಒಂದೇ ಬಗೆಯ 3.5 ಲೀಟರ್ ಎಂಜಿನ್ ತಂದಾಗ ಪೆಜೊ 905 ತನ್ನ ವಿ10 ಎಂಜಿನ್ನಿನೊಂದಿಗೆ ಬಂತು. 1991ರಲ್ಲಿ ಅದರ ಎರಡೂ ಕಾರುಗಳು ಬೇಗನೆ ಹೊರಬಿದ್ದವು, ಗೆದ್ದದ್ದು ಮಾಜ್ದಾದ ರೋಟರಿ ಎಂಜಿನ್. ಪೆಜೊ 1992ರಲ್ಲಿ ಗೆದ್ದಿತು, 1993ರಲ್ಲಿ ಮೊದಲ ಮೂರೂ ಸ್ಥಾನ ಹಿಡಿಯಿತು. ಅದೇ ವಂಶದ ವಿ10 ಎಂಜಿನ್ನನ್ನು 1994ರಲ್ಲಿ ಫಾರ್ಮುಲಾ ಒನ್‌ಗೆ ಹುರಿಗೊಳಿಸಿ ಮೆಕ್‌ಲಾರೆನ್ ಕಾರಿಗೆ ಕೂರಿಸಿದರು. ಆ ವರ್ಷ ಸಿಲ್ವರ್‌ಸ್ಟೋನ್‌ನಲ್ಲಿ ಅದರ ಚಾಲಕ ಮಾರ್ಟಿನ್ ಬ್ರಂಡಲ್‌ನ ಎಂಜಿನ್ ಹಸಿರು ದೀಪ ಹತ್ತಿ ರೇಸ್ ಶುರುವಾಗುತ್ತಿದ್ದಂತೆಯೇ ಬೆಂಕಿ ಉಗುಳಿ ನಿಂತಿತು.