ಕತ್ತಲಲ್ಲಿ ಕಪ್ಪಾದ ಕೆಂಪು ಕೋಟು

1799ರ ಏಪ್ರಿಲ್ 5ರ ರಾತ್ರಿ ಬ್ರಿಟಿಷರ 33ನೇ ಕಾಲ್ದಳ ರೆಜಿಮೆಂಟ್ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿತು. ಮುಂದೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಕಗ್ಗತ್ತಲು, ಕಾಲಿಗೆ ಅಡ್ಡಡ್ಡ ಕಾಲುವೆಗಳು, ಎದುರಿಂದ ಟಿಪ್ಪುವಿನ ಸೈನಿಕರ ಗುಂಡು. ದಂಡು ಚೆಲ್ಲಾಪಿಲ್ಲಿಯಾಯಿತು. 12 ಜನ ಸೆರೆಸಿಕ್ಕರು. ವೆಲ್ಲೆಸ್ಲಿಯ ಮೊಣಕಾಲಿಗೂ ಪೆಟ್ಟು ಬಿತ್ತು.

ಅವರು ತೊಟ್ಟಿದ್ದು ಕಡುಗೆಂಪು ಕೋಟು. ಅಷ್ಟು ಎದ್ದು ಕಾಣುವ ಬಣ್ಣ ಆ ರಾತ್ರಿ ಏನೂ ಉಪಯೋಗಕ್ಕೆ ಬರಲಿಲ್ಲ. ತಪ್ಪು ನಮ್ಮ ಕಣ್ಣಿನದೇ. ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವ ರಾಡ್ ಕೋಶಗಳಿಗೆ ಕೆಂಪು ಬೆಳಕು ತಾಗುವುದೇ ಇಲ್ಲ ಎನ್ನಬಹುದು. ಸಂಜೆ ಹೊತ್ತು ದಾಸವಾಳ ನೋಡಿ. ಎಲೆ ಇನ್ನೂ ಕಾಣುತ್ತಿರುತ್ತದೆ, ಹೂವು ಆಗಲೇ ಕಪ್ಪಾಗಿರುತ್ತದೆ.

ಹಾಗಾದರೆ ಕೆಂಪೇ ಯಾಕೆ? ರಕ್ತ ಕಾಣದಿರಲಿ ಅಂತ ಎನ್ನುವುದು ಸುಮ್ನೆ ಕಟ್ಟುಕಥೆ. ಒಣಗಿದ ರಕ್ತ ಕೆಂಪು ಬಟ್ಟೆಯ ಮೇಲೂ ಕಪ್ಪಗೆ ಕಾಣುತ್ತದೆ, ಅಲ್ವಾ? 1645ರಲ್ಲಿ ಇಂಗ್ಲಿಷ್ ಸಂಸತ್ತಿನ ಸೈನ್ಯಕ್ಕೆ ಕೆಂಪು ಕೋಟು ಬಂದಾಗ ಅದು ಅಗ್ಗದ ಬಣ್ಣವಾಗಿತ್ತು. ಆಮೇಲೆ ಹೊಗೆಯಲ್ಲೂ ಅದು ನೆರವಾಯಿತು. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಜಾಸ್ತಿ ಭಾಗ ಗಾಳಿಯಾಗುವುದಿಲ್ಲ, ಸಣ್ಣ ಕಣಗಳಾಗಿ ಉಳಿಯುತ್ತದೆ. ನೂರಾರು ಬಂದೂಕು ಒಟ್ಟಿಗೆ ಸಿಡಿದರೆ ಬಯಲೆಲ್ಲ ಬಿಳಿ ಮಬ್ಬು. ಅದರಲ್ಲಿ ನಮ್ಮವರು ಯಾರು ಅಂತ ತಿಳಿಯಬೇಕು. ನೂರು ಮೀಟರ್ ದಾಟಿದರೆ ಗುರಿಯೇ ಹಿಡಿಯದ ಆ ಬಂದೂಕುಗಳ ಕಾಲದಲ್ಲಿ ಅಡಗಿಕೊಂಡು ಆಗುವ ಲಾಭವೂ ಕಡಿಮೆ.

ಕೆಂಪಿನಲ್ಲೂ ಮೇಲು ಕೀಳು ಇತ್ತು. ಸಿಪಾಯಿಯ ಕೋಟಿಗೆ ಮ್ಯಾಡರ್ ಎನ್ನುವ ಗಿಡದ ಬೇರಿನ ಬಣ್ಣ. ಆ ಗಿಡ ನಮ್ಮ ಮಂಜಿಷ್ಠದ ಹತ್ತಿರದ ನೆಂಟ. ಅಧಿಕಾರಿಯದಕ್ಕೆ ಅಮೆರಿಕದ ಪಾಪಸುಕಳ್ಳಿ ಮೇಲೆ ಬದುಕುವ ಕಾಚಿನೀಲ್ ಹುಳುವಿನದು. ಒಂದು ಪೌಂಡ್ ಬಣ್ಣಕ್ಕೆ ಸುಮಾರು 70,000 ಹುಳು ಬೇಕು! ಒಮ್ಮೆ ಗ್ರಂಧಿಗೆ ಅಂಗಡಿಯಿಂದ ಮಂಜಿಷ್ಠ ತಂದು ಎರಡು ತುಂಡು ಉಣ್ಣೆ ನೂಲನ್ನು ಅದರಲ್ಲಿ ಕುದಿಸಿದೆ. ಪಟಿಕದ ನೀರಿನಲ್ಲಿ ನೆನೆಸಿದ್ದ ನೂಲು ಇಟ್ಟಿಗೆಗೆಂಪಾಯಿತು. ನೆನೆಸದಿದ್ದದ್ದು ತೊಳೆದಾಗ ಹೆಚ್ಚಿನ ಬಣ್ಣವನ್ನೆಲ್ಲ ಬಚ್ಚಲಿಗೆ ಬಿಟ್ಟಿತು. ಪಟಿಕದ ಅಲ್ಯೂಮಿನಿಯಂ ಒಂದು ಕಡೆ ನೂಲನ್ನೂ ಇನ್ನೊಂದು ಕಡೆ ಬಣ್ಣವನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹುಳುವಿನ ಬಣ್ಣಕ್ಕೆ ತವರ ಸೇರಿಸಿದರೆ ಅದು ಕೆಂಡದಂಥ ಕೆಂಪಾಗುತ್ತಿತ್ತು.

ಬೇರೆ ರೆಜಿಮೆಂಟುಗಳ ಕೆಂಪು ಕೋಟಿಗೆ ಕಾಲರು, ತೋಳಿನ ಪಟ್ಟಿ ಹಳದಿ, ಹಸಿರು, ನೀಲಿ ಹೀಗೆ ಇರುತ್ತಿದ್ದವು. ಗುರುತಿಗೆ ಅಂತ. 33ನೆಯವರದು ಅವೂ ಕೆಂಪು. 1702ರಲ್ಲಿ ಹುಟ್ಟಿದ ಈ ದಂಡಿಗೆ, ವೆಲ್ಲೆಸ್ಲಿ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ತೀರಿಕೊಂಡ ಮೇಲೆ, 1853ರಲ್ಲಿ ಅವರ ಹೆಸರನ್ನೇ ಇಟ್ಟರು.

ಅಷ್ಟರಲ್ಲಿ ಬಂದೂಕು ಬದಲಾಗುತ್ತಿತ್ತು. ದೂರಕ್ಕೆ ಗುರಿ ಹಿಡಿಯುವ ರೈಫಲ್ ಬಂತು. 1884ರಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದೂ ತಯಾರಾಯಿತು. ಹೊಗೆ ಹೋದ ಬಯಲಿನಲ್ಲಿ ಕೆಂಪು ಕೋಟು ಎಂದರೆ ವೈರಿಗೆ ಸಿಕ್ಕ ಗುರಿಹಲಗೆ. ಬ್ರಿಟಿಷ್ ಸೈನ್ಯ ಖಾಕಿಗೆ ಬಂತು. 1881ರಲ್ಲಿ ಇನ್ನೊಂದು ದಂಡಿನ ಜೊತೆ ಸೇರಿಸಿದಾಗ ಈ ರೆಜಿಮೆಂಟಿನ ಕಾಲರು, ಪಟ್ಟಿಗಳನ್ನು ಬಿಳಿ ಮಾಡಿದ್ದರು. 1905ರಲ್ಲಿ, ಯುದ್ಧಕ್ಕೆ ಯಾರೂ ಕೆಂಪು ತೊಡದ ಕಾಲದಲ್ಲಿ, ಪೆರೇಡಿನ ಕೋಟಿಗೆ ಹಳೆಯ ಕೆಂಪು ಪಟ್ಟಿ ಮತ್ತೆ ಸಿಕ್ಕಿತು.