ಕೊಟ್ಟಿಗೆಯಲ್ಲಿಟ್ಟ ಬಲ್ಬಿಗೆ ಚಳಿ ಶತ್ರುವಲ್ಲ

ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ವೈರಿಂಗ್ ಕೆಲಸ ಮಾಡುವ ನನಗೆ ಕೊಯ್ಲು ಶುರುವಾಗುವ ಹೊತ್ತಿಗೆ ವರ್ಷವೂ ಬರುವ ದೂರು ಒಂದೇ: 'ಹೊಸ ಬಲ್ಬು, ಡಬ್ಬಿಯನ್ನೇ ಬಿಚ್ಚಿರಲಿಲ್ಲ, ಹಾಕಿದರೆ ಮಿಣುಕುತ್ತದೆ.' ರಾತ್ರಿ ಅಡಿಕೆ ಸುಲಿಯಲು ಅಂಗಳದ ತುಂಬ ಬೆಳಕು ಬೇಕು. ಅದಕ್ಕಾಗಿ ಮೊದಲೇ ತಂದ ಬಲ್ಬುಗಳನ್ನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೋ ಪಂಪ್ ಶೆಡ್ಡಿನಲ್ಲೋ ಇಟ್ಟಿರುತ್ತಾರೆ. ಕಂಪನಿಯನ್ನು ಬೈಯುವ ಮುನ್ನ ಆ ಕೋಣೆಯನ್ನು ಒಮ್ಮೆ ನೋಡಿ ಎನ್ನುತ್ತೇನೆ.

ನಮ್ಮ ಡಿಸೆಂಬರ್ ರಾತ್ರಿಯ ಚಳಿಯಿಂದ ಯಾವ ಬಲ್ಬೂ ಕೆಡುವುದಿಲ್ಲ. ಕೆಡಿಸುವುದು ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜುಲೈ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಯೇ ಮುಗ್ಗು ಹಿಡಿಯುತ್ತದೆ. ಮನೆಯೊಳಗೆ ಬಳಸುವ ಸಾಮಾನ್ಯ ಎಲ್‌ಇಡಿ ಬಲ್ಬಿಗೆ ನೀರಿನಿಂದ ರಕ್ಷಣೆ ಎಂಬುದೇ ಇರುವುದಿಲ್ಲ. ಹಗಲಿನ ಬಿಸಿಗೆ ಅದರೊಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಣಿದಾಗ ತೇವ ತುಂಬಿದ ಗಾಳಿ ಒಳಗೆ ಬರುತ್ತದೆ. ಎಲ್‌ಇಡಿಗೆ ಬೇಕಾದ ಹದಕ್ಕೆ ಕರೆಂಟನ್ನು ತರುವ ಡ್ರೈವರ್ ಸರ್ಕ್ಯೂಟ್ ಬಲ್ಬಿನೊಳಗೇ ಇರುತ್ತದೆ; ಅದರ ಬೆಸುಗೆಯ ಮೇಲೆ ಆ ತೇವ ಕೂರುತ್ತದೆ. ರಟ್ಟಿನ ಡಬ್ಬಿ ಇದನ್ನು ತಡೆಯುವುದಿಲ್ಲ; ತೇವವನ್ನು ತಾನೇ ಹೀರಿಕೊಂಡು ಗೆದ್ದಲನ್ನೂ ಕರೆಯುತ್ತದೆ.

ಬಹಳ ಜನ ಗಮನಿಸದ ಇನ್ನೊಂದು ವಿಷಯ ಕೊಟ್ಟಿಗೆಯ ಗಾಳಿ. ಸಗಣಿ ಕೊಳೆತಾಗ ಬರುವ ಗೋಬರ್ ಗ್ಯಾಸಿನಲ್ಲಿ ಮೀಥೇನಿನ ಜೊತೆ ಸ್ವಲ್ಪ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಕೊಳೆತ ಮೊಟ್ಟೆಯ ವಾಸನೆಯದ್ದು. ಅನೇಕ ಎಲ್‌ಇಡಿಗಳಲ್ಲಿ ನಮಗೆ ಕಾಣುವ ಹಳದಿ ಚುಕ್ಕೆಯ ಕೆಳಗೆ ಬೆಳಕನ್ನು ಪ್ರತಿಫಲಿಸುವ ಬೆಳ್ಳಿಯ ತೆಳು ಲೇಪನವಿರುತ್ತದೆ. ಚುಕ್ಕೆಯನ್ನು ಮುಚ್ಚಿದ ಸಿಲಿಕೋನ್ ನೀರನ್ನು ತಡೆದರೂ ಈ ಅನಿಲವನ್ನು ಪೂರ್ತಿ ತಡೆಯದು. ದೇವರ ಮನೆಯ ಬೆಳ್ಳಿ ಲೋಟ ಕಪ್ಪಾಗುವಂತೆ ಒಳಗಿನ ಲೇಪನವೂ ಕಪ್ಪಾಗುತ್ತದೆ. ಆಮೇಲೆ ಬಲ್ಬು ಹೊತ್ತುತ್ತದೆ, ಆದರೆ ಬೆಳಕು ಮಂಕು. ಗಂಜಲದ ಅಮೋನಿಯ ಹಿತ್ತಾಳೆಯ ಕ್ಯಾಪಿಗೆ ಕಿಲುಬು ಹಿಡಿಸುತ್ತದೆ. ಬ್ಲೀಚಿಂಗ್ ಪೌಡರಿನ ಚೀಲ, ಇನ್ವರ್ಟರಿನ ಬ್ಯಾಟರಿ ಇರುವ ಕೋಣೆಯೂ ಬಲ್ಬಿಡುವ ಜಾಗವಲ್ಲ. ಬಲ್ಬುಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಡಲೂ ಬೇಡಿ, ಬೆಳ್ಳಿಯನ್ನು ಕಪ್ಪಾಗಿಸುವ ಗಂಧಕ ಆ ಅನಿಲದಲ್ಲಿರುವಂತೆ ರಬ್ಬರಿನಲ್ಲೂ ಇದೆ.

ಸ್ಕ್ರೂ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ ಸಾಕು. ಆದರೆ ಅದನ್ನು ತುಂಬುವ ಕಾಲ ಮುಖ್ಯ. ಮಾರ್ಚ್ ಅಥವಾ ಏಪ್ರಿಲಿನಲ್ಲಿ, ಒಣ ಹವೆಯ ಮಧ್ಯಾಹ್ನ ತುಂಬಿ ಮುಚ್ಚಿ. ಜುಲೈನಲ್ಲಿ ಮುಚ್ಚಿದರೆ ಜುಲೈನ ತೇವವನ್ನೇ ಬಲ್ಬಿನ ಜೊತೆ ಕೂಡಿಹಾಕಿದಂತೆ. ಒಳಗೆ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹರಳು ಇಟ್ಟರೆ ಅದು ತೇವ ತುಂಬಿದ್ದನ್ನು ತಾನೇ ತೋರಿಸುತ್ತದೆ, ಒಣಗಿಸಿ ಮತ್ತೆ ಬಳಸಬಹುದು. ಡ್ರಮ್ಮನ್ನು ನೆಲದ ಮೇಲೆ ಇಡಬೇಡಿ, ತಗಡಿನ ಸೂರಿನ ಕೆಳಗಿನ ಅಟ್ಟದಲ್ಲೂ ಬೇಡ. ಬೇಸಿಗೆಯಲ್ಲಿ ಅಲ್ಲಿನ ಕಾವಿಗೆ ಡ್ರೈವರಿನ ಕೆಪಾಸಿಟರ್ ಬೇಗ ಮುಪ್ಪಾಗುತ್ತದೆ. ಒಳಗೋಡೆಗೆ ಎದೆಯೆತ್ತರದಲ್ಲಿ ಹೊಡೆದ ಹಲಗೆ ಒಳ್ಳೆಯ ಜಾಗ.

ನಾಲ್ಕಡಿಯ ಟ್ಯೂಬ್‌ಲೈಟಿಗೆ ತೋಟದಲ್ಲಿ ಉಳಿದ ಎರಡಿಂಚಿನ ಪಿವಿಸಿ ಪೈಪಿನ ತುಂಡೇ ಕವಚ. ಟ್ಯೂಬಿಗೆ ಕಾಗದ ಸುತ್ತಿ ಒಳಗಿಟ್ಟು, ಎರಡೂ ತುದಿಗೆ ಕ್ಯಾಪ್ ಹಾಕಿ ಗೋಡೆಯ ಮೇಲೆ ಅಡ್ಡವಾಗಿ ಮಲಗಿಸಿ.

ಬಲ್ಬನ್ನು ಹೋಲ್ಡರಿಗೆ ಹಾಕುವ ಮೊದಲು ಕ್ಯಾಪನ್ನು ಹಿಡಿದು ಮೆಲ್ಲನೆ ತಿರುಗಿಸಿ ನೋಡಿ. ಹಳೆಯ ಗಾಜಿನ ಬಲ್ಬಿನಲ್ಲಿ ಕ್ಯಾಪನ್ನು ಗಾಜಿಗೆ ಅಂಟಿಸಿದ ಸಿಮೆಂಟ್ ತೇವಕ್ಕೆ ಸಡಿಲವಾಗಿರುತ್ತದೆ. ಅಲ್ಲಾಡಿದರೆ ಬಳಸಲೇಬೇಡಿ. ಅಂಥ ಬಲ್ಬನ್ನು ಬಿಚ್ಚುವಾಗ ಗಾಜು ಕೈಗೆ ಬಂದು ಕ್ಯಾಪ್ ಹೋಲ್ಡರಿನಲ್ಲೇ ಉಳಿಯುತ್ತದೆ. ಉಳಿದರೆ ಸ್ವಿಚ್ ಆರಿಸಿದ್ದು ಸಾಲದು, ಮೇನ್ ಆರಿಸಿಯೇ ಮುಟ್ಟಬೇಕು. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಹಾಕಿರುವುದನ್ನು ಕಂಡಿದ್ದೇನೆ; ಅಲ್ಲಿ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಕಿಲುಬು ಹಿಡಿದ ಬಲ್ಬನ್ನೂ ದಯವಿಟ್ಟು ಉಜ್ಜಿ ಹಾಕಬೇಡಿ. ಹೊರಗೆ ಕಿಲುಬು ಕಂಡರೆ ಒಳಗಿನ ಬೆಸುಗೆಯ ಗತಿಯೂ ಅದೇ ಆಗಿರುವ ಸಂಭವ ಹೆಚ್ಚು.

ಗ್ಯಾರಂಟಿ ಎಣಿಕೆಯಾಗುವುದು ಕೊಂಡ ದಿನದಿಂದ, ಹಾಕಿದ ದಿನದಿಂದಲ್ಲ. ಆದ್ದರಿಂದ ಒಂದು ಕೊಯ್ಲಿಗೆ ಬೇಕಾದಷ್ಟನ್ನೇ ತಂದು, ಡಬ್ಬಿಯ ಮೇಲೆ ತಾರೀಖು ಬರೆದು, ಹಳೆಯದನ್ನು ಮೊದಲು ಬಳಸಿ.

ಮೂಲೆಯಲ್ಲಿ ಉಳಿದುಹೋದ ಸಿಎಫ್‌ಎಲ್‌ಗಳ ವಿಷಯ ಬೇರೆ. ಒಂದೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸವಿದೆ. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆರೆದಿಟ್ಟು ಕಾಲು ಗಂಟೆ ಬಿಡಿ. ನಂತರ ದಪ್ಪ ರಟ್ಟಿನಿಂದ ಚೂರುಗಳನ್ನು ಬಾಚಿ, ಪುಡಿಯನ್ನು ಅಂಟು ಟೇಪಿನಿಂದ ಎತ್ತಿ, ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ. ಪೊರಕೆ ಬೇಡ, ಪುಡಿ ಹರಡುತ್ತದೆ. ನಿಯಮದ ಪ್ರಕಾರ ಇವು ಇ-ತ್ಯಾಜ್ಯ. ಪೇಟೆಗೆ ಹೋಗುವಾಗ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ, ಗೊಬ್ಬರಗುಂಡಿಗೆ ಎಸೆಯಬೇಡಿ. ಅಲ್ಲಿಗೆ ಹಾಕಿದ್ದೆಲ್ಲ ತೋಟದ ಬುಡಕ್ಕೇ ಹೋಗುತ್ತದೆ.