ನ್ಯಾನೋ ಮದ್ದು: ಎಲ್ಲಾ ಇರುವುದು ಕಲಸುವುದರಲ್ಲಿ

ಮಳೆಗಾಲ ಬಂತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟಗಳಲ್ಲಿ ಅಡಿಕೆಯ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಕಲಸುವ ಗಡಿಬಿಡಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ನೀರು ಕಡಿಮೆ ಹಾಕಿ ಎರಡನ್ನೂ ಒಟ್ಟಿಗೆ ಸುರಿದರೆ ಕಣ ದಪ್ಪವಾಗಿ ತಳ ಹಿಡಿಯುತ್ತದೆ, ಗೊನೆಗೆ ಸರಿಯಾಗಿ ಅಂಟುವುದಿಲ್ಲ. ಔಷಧ ತಯಾರಿಸುವ ನನ್ನಂಥವರ ತಲೆನೋವೂ ಇದೇ.

ಆರ್‌ಎನ್‌ಎ ಮದ್ದನ್ನು, ಅಂದರೆ ಯಾವ ಪ್ರೋಟೀನು ಮಾಡಬೇಕು, ಯಾವುದು ಬೇಡ ಎಂದು ಜೀವಕೋಶಕ್ಕೆ ಹೇಳುವ ಅಣುವನ್ನು, ಹಾಗೇ ರಕ್ತಕ್ಕೆ ಬಿಟ್ಟರೆ ಬೇಗ ಚೂರಾಗುತ್ತದೆ. ಅದಕ್ಕೇ ಕೊಬ್ಬಿನ ಹೊದಿಕೆ. ಕೊಬ್ಬು ಆಲ್ಕೋಹಾಲಿನಲ್ಲಿ, ಆರ್‌ಎನ್‌ಎ ಹುಳಿ ನೀರಿನಲ್ಲಿ. ಎರಡೂ ಸೇರಿದಾಗ ಆಲ್ಕೋಹಾಲ್ ತೆಳುವಾಗಿ, ಕರಗಿದ್ದ ಕೊಬ್ಬು ತಾನಾಗಿ ಉಂಡೆ ಕಟ್ಟುತ್ತದೆ. ಗಾತ್ರ ಸುಮಾರು 100 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು). ಬೀಕರಿನಲ್ಲಿ ಕಲಸಿದರೆ ಒಂದೊಂದು ಮೂಲೆಯಲ್ಲಿ ಒಂದೊಂದು ಗಾತ್ರ.

ಹಾಗಾಗಿ ಮೈಕ್ರೋಫ್ಲೂಯಿಡಿಕ್ ಚಿಪ್, ಅಂದರೆ ಸಪೂರ ಕಾಲುವೆಯಲ್ಲಿ ದ್ರವ ಹರಿಸಿ ಬೆರೆಸುವ ಪುಟ್ಟ ಬಿಲ್ಲೆ. ಅದರ ಕಾಲುವೆ ಒಂದು ಮಿಲಿಮೀಟರಿಗಿಂತಲೂ ಕಿರಿದು. ಅಷ್ಟು ಸಪೂರ ಜಾಗದಲ್ಲಿ ಸುಳಿಯೇ ಏಳುವುದಿಲ್ಲ. ಎರಡು ದ್ರವಗಳು ಸುಮ್ನೆ ಅಕ್ಕಪಕ್ಕ ಹರಿಯುತ್ತವೆ, ಬೇಗ ಬೆರೆಯುವುದಿಲ್ಲ! 2002ರಲ್ಲಿ ಇದಕ್ಕೊಂದು ಚಂದದ ಉಪಾಯ ಪ್ರಕಟವಾಯಿತು: ಕಾಲುವೆಯ ತಳದಲ್ಲಿ ಓರೆ ಗೀರುಗಳು. ಅವು ಹರಿವನ್ನು ಮಡಚಿ ಮಡಚಿ ಮಿಲಿಸೆಕೆಂಡುಗಳಲ್ಲೇ ಬೆರೆಸುತ್ತವೆ. ಹರಿವಿನ ವೇಗ ಹೆಚ್ಚಿಸಿದಂತೆ, ಒಂದು ಮಿತಿಯವರೆಗೆ, ಕಣ ಸಣ್ಣದಾಗುತ್ತದೆ. ನೀರು 3 ಪಾಲು, ಆಲ್ಕೋಹಾಲ್ 1 ಪಾಲು ಇಡುವುದು ರೂಢಿ. ಆಮೇಲೆ ಆಲ್ಕೋಹಾಲ್ ತೆಗೆಯುವುದು, ಹುಳಿ ಇಳಿಸುವುದು. ಬೋರು ಹೊಡೆಸುವ ಕೆಲಸ, ಸಮಯವೂ ಜಾಸ್ತಿ.

ತಲಪಾಡಿ ದಾಟಿ ಮಂಗಳೂರಿಗೆ ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರು ಕೇಳುತ್ತಾರೆ: “ಈ ನ್ಯಾನೋ ಮದ್ದು ಸೀದಾ ಗೆಡ್ಡೆಗೇ ಹೋಗ್ತದಾ ಸರ್?” ಇಲ್ಲ. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2016ರ ವಿಶ್ಲೇಷಣೆಯಲ್ಲಿ, ಕೊಟ್ಟ ನ್ಯಾನೋ ಕಣಗಳಲ್ಲಿ ಗೆಡ್ಡೆ ತಲುಪಿದ ಪಾಲಿನ ಮಧ್ಯಾಂಕ (ಮೀಡಿಯನ್) ಬರೀ 0.7 ಶೇಕಡಾ. ರಕ್ತನಾಳಕ್ಕೆ ಕೊಟ್ಟ ಕೊಬ್ಬಿನ ಕಣಗಳು ಹೆಚ್ಚಾಗಿ ಸೇರುವುದು ಲಿವರ್‌ಗೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ (ವಂಶಪಾರಂಪರ್ಯವಾಗಿ ಬರುವ ಒಂದು ನರಕಾಯಿಲೆಯ ಆರ್‌ಎನ್‌ಎ ಮದ್ದು) ಗೆದ್ದದ್ದೂ ಹಾಗೆಯೇ. ಆ ಕಾಯಿಲೆಯ ಕೆಟ್ಟ ಪ್ರೋಟೀನು ತಯಾರಾಗುವುದೇ ಲಿವರ್‌ನಲ್ಲಿ ಅಲ್ವಾ! ಬೇರೆ ಅಂಗಕ್ಕೆ ಕಳಿಸಬೇಕಾದರೆ ಕೊಬ್ಬನ್ನೇ ಬದಲಿಸಬೇಕು, ಇಲ್ಲವೇ ಕಣದ ಮೈಗೆ ಆಂಟಿಬಾಡಿ ಅಂಟಿಸಬೇಕು. ಚಿಪ್ ಕೊಡುವುದು ಒಂದೇ ಗಾತ್ರ, ದಾರಿಯನ್ನಲ್ಲ.

ಹಾಗಂತ ನ್ಯಾನೋ ಎಂದದ್ದೆಲ್ಲ ಪೊಳ್ಳಲ್ಲ. ಕೊಬ್ಬಿನ ಹೊದಿಕೆಯ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಮದ್ದು 1995ರಿಂದ ಬಳಕೆಯಲ್ಲಿದೆ. ನನ್ನ ಲೆಕ್ಕದಲ್ಲಿ ಅದರ ದೊಡ್ಡ ಲಾಭ, ಹೃದಯಕ್ಕೆ ಆಗುವ ಹಾನಿ ಕಡಿಮೆ. ಆದರೆ ಅಂಗೈ, ಅಂಗಾಲು ಕೆಂಪಾಗಿ ಉರಿಯಬಹುದು. ಹಾಗಾದರೆ ಮುಂದಿನ ಡೋಸಿಗೆ ಮೊದಲೇ ಡಾಕ್ಟ್ರಿಗೆ ಹೇಳಿ. ಡೋಸ್ ಕಡಿಮೆ ಮಾಡಲು ಅಥವಾ ಮುಂದೂಡಲು ಅವರಿಗೆ ಅವಕಾಶ ಇದೆ.